ತಳಿಗೊಂದು ನ್ಯಾಯ, ಆ್ಯಪ್‌ಗೊಂದು ನ್ಯಾಯವೆ?

ಹೊಸದೊಂದು ಭತ್ತದ ತಳಿಯನ್ನೋ ರಾಗಿಯ ತಳಿಯನ್ನೋ ನಮ್ಮ ಕೈಗೆ ಕೊಡುವ ಮುನ್ನ ಕೃಷಿ ವಿಜ್ಞಾನಿಗಳು ಎಷ್ಟು ಎಚ್ಚರ ವಹಿಸುತ್ತಾರೆಂಬುದು ರೈತ ಬಾಂಧವರಾದ ನಿಮಗೆ ತಿಳಿದೇ ಇದೆ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಪೈರು ಸೊಂಪಾಗಿ ಬೆಳೆದ ಮಾತ್ರಕ್ಕೆ ಬೀಜ ಬಿಡುಗಡೆಯಾಗುವುದಿಲ್ಲ. ಅಲ್ಲಿ ನೀರು ಹೊತ್ತಿಗೆ ಸರಿಯಾಗಿ ಬರುತ್ತದೆ, ಗೊಬ್ಬರ ಅಳತೆಗೆ ಸರಿಯಾಗಿ ಬೀಳುತ್ತದೆ, ಕಳೆ ಕೀಳಲು ಆಳುಗಳಿದ್ದಾರೆ. ನಮ್ಮ ಹೊಲದ ಸ್ಥಿತಿ ಹಾಗಲ್ಲ. ಆದ್ದರಿಂದ ಅಖಿಲ ಭಾರತ ಸುಸಂಘಟಿತ ಯೋಜನೆಗಳಲ್ಲಿ ಒಂದು ತಳಿಯನ್ನು ಬೇರೆ ಬೇರೆ ಮಣ್ಣು, ಮಳೆಗಳ ಹಲವು ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷ ಬೆಳೆದು ನೋಡುತ್ತಾರೆ. ಬಳಿಕ ರೈತರ ಹೊಲದಲ್ಲೂ ಪ್ರಯೋಗ ನಡೆಯುತ್ತದೆ. ಇಷ್ಟೆಲ್ಲ ಆದ ಮೇಲೆ ಸಮಿತಿ ಒಪ್ಪಬೇಕು. 1966ರ ಬೀಜ ಕಾಯ್ದೆಯ ಪ್ರಕಾರ ಅಧಿಸೂಚನೆಯೂ ಆಗಬೇಕು.

ಈಗ ಇನ್ನೊಂದು ಬಗೆಯ ಬೀಜ ನಮ್ಮ ಹಳ್ಳಿಗಳಿಗೆ ಬರುತ್ತಿದೆ. ಅದನ್ನು ನೆಲಕ್ಕೆ ಹಾಕುವುದಿಲ್ಲ, ಮೊಬೈಲಿಗೆ ಹಾಕುತ್ತಾರೆ. ಬೆಳೆ ಸಮೀಕ್ಷೆಗೆ ಒಂದು ಆ್ಯಪ್, ಬೆಳೆ ವಿಮೆಗೆ ಒಂದು ಆ್ಯಪ್, ಕಿಸಾನ್ ಸಮ್ಮಾನ್ ಹಣಕ್ಕೆ ಗುರುತು ದೃಢಪಡಿಸಲು ಮತ್ತೊಂದು. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಹೊಲದ ಬೆಳೆಯ ಚಿತ್ರ ತೆಗೆದು ಸರ್ಕಾರಕ್ಕೆ ಕಳುಹಿಸುವ ಏರ್ಪಾಡಾಯಿತು. ಆ ದಾಖಲೆಯ ಮೇಲೆ ಬೆಂಬಲ ಬೆಲೆಯ ಖರೀದಿ, ವಿಮೆ, ಬೆಳೆ ಹಾನಿ ಪರಿಹಾರ ಇವೆಲ್ಲ ನಿಂತಿವೆ. ಏರ್ಪಾಡು ಒಳ್ಳೆಯದೇ. ಆದರೆ ತಳಿಗೆ ಹಾಕುವ ಪ್ರಶ್ನೆಯನ್ನೇ ಇದಕ್ಕೂ ಹಾಕಬೇಕಾಗಿದೆ: ಇದನ್ನು ಎಲ್ಲಿ ಬೆಳೆದು ನೋಡಿದಿರಿ? ನಗರದ ಕಚೇರಿಯಲ್ಲಿ, ತುಂಬಿದ ಸಿಗ್ನಲ್ಲಿನ ಕೆಳಗೋ? ಅಥವಾ ಜೋಯಿಡಾದ ಕಾಡಂಚಿನಲ್ಲಿ, ತುಮರಿಯ ಹಿನ್ನೀರಿನ ಆಚೆ, ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನಲ್ಲೋ?

ಎಪ್ಪತ್ತೆರಡು ಗಂಟೆಯ ಗಡುವು

ಪ್ರಶ್ನೆ ಏಕೆ ತುರ್ತಿನದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಲ್ಲಿ ಆರಂಭವಾಯಿತು. ಆಲಿಕಲ್ಲು, ಭೂಕುಸಿತಗಳಂಥ ಸ್ಥಳೀಯ ವಿಕೋಪದಿಂದ ಬೆಳೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕೆಂಬುದು ಅದರ ನಿಯಮ. ಕಾಡುಪ್ರಾಣಿಗಳ ದಾಳಿಯಿಂದಾದ ನಷ್ಟವನ್ನೂ, ಭತ್ತದ ಗದ್ದೆ ನೆರೆಯಲ್ಲಿ ಮುಳುಗಿದ ನಷ್ಟವನ್ನೂ 2026ರ ಮುಂಗಾರಿನಿಂದ ವಿಮೆಯೊಳಗೆ ತರುವುದಾಗಿ 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಬಹುಕಾಲದ ಬೇಡಿಕೆಯೊಂದು ಈಡೇರುವ ದಾರಿ ಇದು. ಆದರೆ ಆ ಪ್ರಕಟಣೆಯಲ್ಲೇ ಷರತ್ತೂ ಇದೆ. ನಷ್ಟವಾದ 72 ಗಂಟೆಯೊಳಗೆ ಬೆಳೆ ವಿಮೆಯ ಆ್ಯಪ್‌ನಲ್ಲಿ, ಸ್ಥಳದ ಗುರುತು ಬಿದ್ದಿರುವ ಚಿತ್ರಗಳ ಸಮೇತ ತಿಳಿಸತಕ್ಕದ್ದು.

ನೀವೇ ಯೋಚಿಸಿ. ಆನೆ ಗದ್ದೆಗೆ ಇಳಿಯುವುದು ಎಲ್ಲಿ? ಸಕಲೇಶಪುರ, ಆಲೂರುಗಳ ಕಾಡಂಚಿನಲ್ಲಿ, ಹೆಗ್ಗಡದೇವನಕೋಟೆ, ಗುಂಡ್ಲುಪೇಟೆಗಳ ಅರಣ್ಯದ ಸೆರಗಿನಲ್ಲಿ. ಸಿಗ್ನಲ್ ಬಡವಾಗಿರುವುದೂ ಇಂಥ ಕಡೆಗಳಲ್ಲೇ. ಭತ್ತದ ಗದ್ದೆ ಮುಳುಗುವುದು ಯಾವಾಗ? ಗಾಳಿ ಮಳೆ ಹೊಡೆದು, ಕಂಬ ಉರುಳಿ, ವಿದ್ಯುತ್ತು ಹೋದ ದಿನ. ವಿದ್ಯುತ್ತು ಹೋಗಿ ಬ್ಯಾಟರಿಯೂ ಬರಿದಾದರೆ, ಜನರೇಟರಿಗೆ ಡೀಸೆಲ್ ಬಾರದಿದ್ದರೆ, ಮೊಬೈಲ್ ಟವರೂ ಮಲಗುತ್ತದೆ. ಬೆಳೆ ಹಾಳಾಗುವ ಜಾಗವೂ ಸಿಗ್ನಲ್ ಇಲ್ಲದ ಜಾಗವೂ ಒಂದೇ, ಬೆಳೆ ಹಾಳಾಗುವ ದಿನವೂ ಟವರ್ ಮಲಗುವ ದಿನವೂ ಒಂದೇ. ಬಿಸಿಲು ಬಿದ್ದ ದಿನ ಪೇಟೆಯಲ್ಲಿ ಚೆನ್ನಾಗಿ ನಡೆಯುವ ಆ್ಯಪ್ ನಮಗೆ ಬೇಕಾದ ದಿನ ನಡೆಯದೆ ಹೋದರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ನಿಜವಾದಂತೆಯೇ ಸರಿ.

ಇದು ಬರಿಯ ಊಹೆಯ ಭಯವಲ್ಲ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಕೂಲಿಕಾರರ ಹಾಜರಿಯನ್ನು ಚಿತ್ರದ ಮೂಲಕ ದಾಖಲಿಸುವ ಆ್ಯಪ್ 2021ರ ಮೇ ತಿಂಗಳಲ್ಲಿ ಬಂದಿತು. 2023ರ ಜನವರಿ 1ರಿಂದ ಅದನ್ನು ವೈಯಕ್ತಿಕ ಫಲಾನುಭವಿ ಕಾಮಗಾರಿಗಳ ಹೊರತು ಉಳಿದೆಲ್ಲ ಕಾಮಗಾರಿಗೂ ಕಡ್ಡಾಯ ಮಾಡಲಾಯಿತು. ಬೆಳಗಿನಿಂದ ಮಣ್ಣು ಹೊತ್ತರೂ ಚಿತ್ರ ಮೇಲೇರಲಿಲ್ಲವೆಂಬ ಕಾರಣಕ್ಕೆ ಹಾಜರಿ ತಪ್ಪಿತೆಂಬ ದೂರು ಹಲವು ರಾಜ್ಯಗಳಿಂದ ಕೇಳಿಬಂದಿತು. ಮಾಡಿದ ಕೆಲಸ ಕಣ್ಣೆದುರಿಗಿತ್ತು, ಕೂಲಿ ಮಾತ್ರ ಮೊಬೈಲಿನೊಳಗೆ ಸಿಕ್ಕಿಕೊಂಡಿತು.

ಸಿಗ್ನಲ್ಲಿಗೂ ಮಣ್ಣಿನಂತೆ ಬಗೆಗಳಿವೆ

ಮಣ್ಣಿನಲ್ಲಿ ಕೆಂಪು, ಕಪ್ಪು, ಮರಳು, ಚೌಳು ಎಂದು ಬಗೆಗಳಿರುವಂತೆ ಕೆಟ್ಟ ನೆಟ್‌ವರ್ಕಿಗೂ ಬಗೆಗಳಿವೆ. ಎಲ್ಲಕ್ಕೂ ಒಂದೇ ಮದ್ದು ನಡೆಯದು.

ಮೊದಲನೆಯದು, ಸಿಗ್ನಲ್ ಏನೇನೂ ಇಲ್ಲದ ಸ್ಥಿತಿ. ಎರಡನೆಯದು, ಇದ್ದರೂ ಬಲು ನಿಧಾನವಾದ ಸ್ಥಿತಿ. ಮೂರನೆಯದು, ಬಂದು ಹೋಗುವ ಸ್ಥಿತಿ. ದಿಬ್ಬದ ಮೇಲೆ ಎರಡು ಕಡ್ಡಿ, ಹಳ್ಳಕ್ಕಿಳಿದರೆ ಸೊನ್ನೆ. ನಾಲ್ಕನೆಯದು ಎಲ್ಲಕ್ಕಿಂತ ಮೋಸದ್ದು. ಕಡ್ಡಿಗಳು ಪೂರ್ತಿ ಇರುತ್ತವೆ, ಆದರೆ ಏನೂ ಕದಲುವುದಿಲ್ಲ. ಸಂಜೆಯ ಹೊತ್ತು ಊರಿನವರೆಲ್ಲ ಒಮ್ಮೆಗೇ ಮೊಬೈಲ್ ಹಿಡಿದಾಗ ಹೀಗಾಗುತ್ತದೆ. ಕೊನೆಯ ದಿನಾಂಕದಂದು ರಾಜ್ಯದ ರೈತರೆಲ್ಲ ಅರ್ಜಿ ಹಾಕಲು ಕುಳಿತಾಗ, ಆ ಕಡೆಯ ಯಂತ್ರವೇ ಉಸಿರು ಕಟ್ಟಿದಾಗಲೂ ಹೀಗೆಯೇ. ಐದನೆಯದು ಓಟಿಪಿಯ ತೊಡಕು. ಸಂಖ್ಯೆ ಬರುತ್ತದೆ, ಆದರೆ ಅದರ ಅವಧಿ ಮುಗಿದ ಮೇಲೆ ಬರುತ್ತದೆ.

ಎರಡನೆಯ ಬಗೆಗೆ ಒಂದು ಲೆಕ್ಕ ನೋಡಿ. ಈಗಿನ ಮೊಬೈಲ್ ತೆಗೆಯುವ ಒಂದು ಚಿತ್ರ 4 ಎಂ.ಬಿ. ಇರುವುದು ಸಾಮಾನ್ಯ. ಬಡ 2ಜಿ ಸಿಗ್ನಲ್ ಸೆಕೆಂಡಿಗೆ 40 ಕಿಲೋಬಿಟ್‌ನಷ್ಟು ಸಾಗಿಸುತ್ತದೆಂದು ಇಟ್ಟುಕೊಳ್ಳೋಣ. ಒಂದು ಬೈಟಿಗೆ 8 ಬಿಟ್‌ನಂತೆ ಲೆಕ್ಕ ಹಾಕಿದರೆ ಆ ಒಂದು ಚಿತ್ರ ಹೋಗಲು 800 ಸೆಕೆಂಡು, ಎಂದರೆ 13 ನಿಮಿಷಕ್ಕೂ ಮೇಲೆ ಬೇಕು. ಹನ್ನೆರಡನೆಯ ನಿಮಿಷದಲ್ಲಿ ಸಿಗ್ನಲ್ ಕಡಿದರೆ, ಅಣಿ ಮಾಡದ ಆ್ಯಪ್ ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಅದೇ ಚಿತ್ರವನ್ನು ಮೊಬೈಲಿನೊಳಗೇ 200 ಕೆ.ಬಿ.ಗೆ ಇಳಿಸಿ ಕಳುಹಿಸಿದರೆ 40 ಸೆಕೆಂಡು ಸಾಕು. ಗದ್ದೆ ಮುಳುಗಿದೆಯೋ ಇಲ್ಲವೋ ಎಂದು ತಿಳಿಯಲು ಅಷ್ಟು ಸ್ಪಷ್ಟತೆ ಸಾಲದೆ? ದೊಡ್ಡ ಚಿತ್ರವೇ ಬೇಕೆಂದರೆ ತುಂಡು ತುಂಡಾಗಿ ಕಳುಹಿಸುವ ವಿಧಾನವಿದೆ. ಹತ್ತು ಮೂಟೆಯನ್ನು ಒಂದೊಂದಾಗಿ ದಾಟಿಸುವವನು, ನಡುವೆ ಹಳ್ಳ ತುಂಬಿ ಬಂದರೂ ದಾಟಿಸಿದ ಮೂಟೆಯನ್ನು ಮತ್ತೆ ಹೊರಬೇಕಾಗಿಲ್ಲ.

ಸ್ಥಳದ ಗುರುತಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಟವರ್ ಇಲ್ಲದಿದ್ದರೆ ಮೊಬೈಲಿಗೆ ತಾನೆಲ್ಲಿದ್ದೇನೆಂದು ತಿಳಿಯದೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಜಿಪಿಎಸ್ ಗುರುತು ಬರುವುದು ಆಕಾಶದ ಉಪಗ್ರಹಗಳಿಂದ. ನೆಟ್‌ವರ್ಕ್ ಇದ್ದರೆ ಬೇಗ ಸಿಗುತ್ತದೆ. ಇಲ್ಲದಿದ್ದರೆ ಬಯಲಿನಲ್ಲಿ ಕೆಲವು ನಿಮಿಷ ಕಾಯಬೇಕಾದೀತು, ದಟ್ಟ ಮರಗಳ ಕೆಳಗೆ ಇನ್ನೂ ತಡವಾದೀತು. ಅಷ್ಟೆ. ತೆರೆಯ ಮೇಲೆ ಕಾಣುವ ನಕ್ಷೆಯ ಚಿತ್ರಕ್ಕೆ ಇಂಟರ್‌ನೆಟ್ ಬೇಕು, ಗುರುತಿಗೆ ಬೇಡ. ಆದ್ದರಿಂದ ಸಿಗ್ನಲ್ ಇಲ್ಲದ ಹೊಲದಲ್ಲೇ ಚಿತ್ರ ತೆಗೆದು, ಸ್ಥಳ ಮತ್ತು ಸಮಯದ ಮುದ್ರೆ ಒತ್ತಿ, ಮೊಬೈಲಿನೊಳಗೆ ಭದ್ರವಾಗಿಟ್ಟು, ಸಿಗ್ನಲ್ ಸಿಕ್ಕಾಗ ತಾನಾಗಿ ಕಳುಹಿಸುವ ಆ್ಯಪ್ ಮಾಡುವುದು ಸಾಧ್ಯ. ಹಾಗೆ ಮಾಡದಿದ್ದರೆ ಅದು ಬೆಟ್ಟದ ತಪ್ಪಲ್ಲ, ಮಾಡಿದವರ ಉಪೇಕ್ಷೆ.

ಬರವನ್ನು ಕಚೇರಿಯಲ್ಲೇ ತಂದು ನೋಡಬಹುದು

ಕಾಡು ಮೇಡು ಸುತ್ತಿ ಪರೀಕ್ಷಿಸಲು ಹಣವೆಲ್ಲಿ, ಹೊತ್ತೆಲ್ಲಿ ಎಂದು ತಯಾರಕರು ಕೇಳಬಹುದು. ಅರ್ಧ ಪರೀಕ್ಷೆಗೆ ಕುರ್ಚಿಯಿಂದ ಏಳಬೇಕಾಗಿಯೇ ಇಲ್ಲ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯೊಳಗೇ ನೆಟ್‌ವರ್ಕನ್ನು ಬೇಕೆಂದೇ ನಿಧಾನಗೊಳಿಸುವ, ನಡುನಡುವೆ ಮಾಹಿತಿಯನ್ನು ಬೀಳಿಸುವ ಸೌಕರ್ಯವಿದೆ. ಆಂಡ್ರಾಯ್ಡ್ ಆ್ಯಪ್ ಬರೆಯುವವರ ಕೈಯಲ್ಲಿರುವ ನಕಲಿ ಮೊಬೈಲಿನಲ್ಲಿ ವೇಗವನ್ನು 2ಜಿ ಮಟ್ಟಕ್ಕೆ ಇಳಿಸಬಹುದು. ಇವಕ್ಕೆ ಬೇರೆ ಕಾಸು ಕೊಡಬೇಕಾಗಿಲ್ಲ. ಪಾಲಿಹೌಸಿನೊಳಗೆ ನೀರು ಕಡಿಮೆ ಮಾಡಿ ಬರವನ್ನು ತರಿಸಿ ಗಿಡದ ತಾಳಿಕೆ ನೋಡುವಂತೆ ಇದು.

ದೊಡ್ಡ ಕಂಪನಿಗಳು ಈ ಪಾಠವನ್ನು ಹಿಂದೆಯೇ ಕಲಿತಿವೆ. ಫೇಸ್‌ಬುಕ್ಕಿನ ಕೆಲವು ನೌಕರರು 2013ರಲ್ಲಿ ಆಫ್ರಿಕಕ್ಕೆ ಹೋಗಿ ಅಲ್ಲಿ ಮಾರಾಟವಾಗುವ ಸಾಧಾರಣ ಮೊಬೈಲುಗಳಲ್ಲಿ ತಮ್ಮದೇ ಆ್ಯಪನ್ನು ಬಳಸಿ ನೋಡಿದರು. ಅದು ತಡವರಿಸಿತು, ಆಗಾಗ್ಗೆ ನಿಂತೇಹೋಯಿತು. ತಿಂಗಳಿಗೆಂದು ಕೊಂಡ ಡೇಟಾ 40 ನಿಮಿಷಕ್ಕೆ ಮುಗಿಯಿತು. ಆ ಬಳಿಕ ಕಂಪನಿ ಆ್ಯಪನ್ನು ಹಗುರ ಮಾಡುವ ಕೆಲಸಕ್ಕೆ ಕೈಹಾಕಿತು. 2015ರ ಅಕ್ಟೋಬರಿನಲ್ಲಿ ಮಂಗಳವಾರಗಳಂದು ಒಂದು ಗಂಟೆ ಕಾಲ ನೌಕರರೇ 2ಜಿ ವೇಗದಲ್ಲಿ ಆ್ಯಪ್ ಬಳಸಿ ನೋಡುವ ಪದ್ಧತಿಯನ್ನೂ ತಂದಿತು. ಗೆಳೆಯರ ಚಿತ್ರ ನೋಡುವ ಆ್ಯಪ್‌ಗೇ ಇಷ್ಟು ಕಾಳಜಿ ಬೇಕಾದರೆ, ವರ್ಷದ ಅನ್ನವನ್ನು ನಿರ್ಧರಿಸುವ ಆ್ಯಪ್‌ಗೆ ಎಷ್ಟು ಬೇಕು?

ಆದರೂ ಪಾಲಿಹೌಸಿನ ಬರ ಬಯಲಿನ ಬರವಾಗದು. ಉಳಿದರ್ಧ ಪರೀಕ್ಷೆ ಹೊಲದಲ್ಲೇ ನಡೆಯಬೇಕು, ಅದೂ ಸರಿಯಾದ ಕಾಲದಲ್ಲಿ. ಇಂಡಾಫ್ ರಾಗಿಯಲ್ಲಿ ಮುಂಗಾರಿಗೆ ಬೇರೆ ತಳಿ, ಬೇಸಿಗೆಗೆ ಬೇರೆ ತಳಿ ಎಂದು ಆರಿಸಿದ್ದು ಆಯಾ ಕಾಲದಲ್ಲಿ ಬೆಳೆದು ನೋಡಿಯೇ ಅಲ್ಲವೆ? ಮಳೆಗಾಲದ ನಷ್ಟಕ್ಕೆಂದು ಮಾಡಿದ ಆ್ಯಪನ್ನು ಜನವರಿಯ ಬಿಸಿಲಿನಲ್ಲಿ ಪರೀಕ್ಷಿಸಿ ಸೈ ಎನ್ನುವುದು ಸರಿಯಲ್ಲ. ಆಷಾಢದ ಜಡಿಮಳೆಯಲ್ಲಿ, ವಿದ್ಯುತ್ತಿಲ್ಲದ ಸಂಜೆ, ಹಳೆಯದೊಂದು ಅಗ್ಗದ ಮೊಬೈಲಿನಲ್ಲಿ, ಒದ್ದೆ ಕೈಯ ರೈತನೊಬ್ಬ ಅದನ್ನು ಬಳಸಬಲ್ಲನೆ ಎಂಬುದೇ ನಿಜವಾದ ಪರೀಕ್ಷೆ.

ಅಧಿಕಾರಿಗಳ ಅಂಜಿಕೆ

ಇಲಾಖೆಯವರ ಪಕ್ಷವನ್ನೂ ಕೇಳಬೇಕು. ಚಿತ್ರವನ್ನು ಆಮೇಲೆ ಕಳುಹಿಸಲು ಬಿಟ್ಟರೆ ಹಳೆಯ ಚಿತ್ರ ತರುತ್ತಾರೆ, ಬೇರೆಯವರ ಹೊಲ ತೋರಿಸುತ್ತಾರೆ, ಮೊಬೈಲಿನ ಗಡಿಯಾರ ತಿರುಗಿಸುತ್ತಾರೆ ಎಂಬುದು ಅವರ ಅಂಜಿಕೆ. ಅಂಜಿಕೆಯಲ್ಲಿ ಹುರುಳಿದೆ. ಸುಳ್ಳು ಸ್ಥಳ ತೋರಿಸುವ ಸಾಧನಗಳೂ ಇವೆ. ಆದರೆ ಸಿಗ್ನಲ್ ಕಡ್ಡಾಯ ಮಾಡಿದ ಮಾತ್ರಕ್ಕೆ ಮೋಸ ನಿಲ್ಲುವುದಿಲ್ಲ. ಹಾಜರಿಯ ಆ್ಯಪ್‌ನಲ್ಲಿ ಸಂಬಂಧವಿಲ್ಲದ ಚಿತ್ರ ಹಾಕುವುದು, ಚಿತ್ರದ ಚಿತ್ರ ತೆಗೆದು ಹಾಕುವುದು ನಡೆದಿದೆಯೆಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳನ್ನು ಎಚ್ಚರಿಸಿತು. ಮೋಸಗಾರನಿಗೆ ದಾರಿ ಸಿಕ್ಕಿತು, ಪ್ರಾಮಾಣಿಕನಿಗೆ ಸಿಗ್ನಲ್ ಸಿಗಲಿಲ್ಲ.

ಉಪಗ್ರಹದಿಂದ ಸ್ಥಳದ ಜೊತೆಗೆ ಸಮಯವೂ ಬರುತ್ತದೆ. ಮೊಬೈಲಿನ ಗಡಿಯಾರವನ್ನು ನಂಬದೆ ಆ ಸಮಯವನ್ನೇ ಚಿತ್ರಕ್ಕೆ ಒತ್ತಬಹುದು. ಒಮ್ಮೆ ಒತ್ತಿದ ಮುದ್ರೆಯನ್ನು ತಿದ್ದಿದರೆ ಗೊತ್ತಾಗುವಂತೆ ಬೀಗ ಹಾಕುವ ವಿದ್ಯೆಯೂ ಇದೆ. ಉಳಿದ ಅನುಮಾನಕ್ಕೆ ಸ್ಥಳ ಪರಿಶೀಲನೆ ಇದ್ದೇ ಇದೆ. ಹೊಲಕ್ಕೆ ಬಂದು ನೋಡುವ ಕಣ್ಣಿಗೆ ಯಾವ ಆ್ಯಪೂ ಬದಲಿಯಲ್ಲ.

ಊರೂರಿಗೂ ಟವರ್ ಬಂದರೆ ಈ ತಾಪತ್ರಯವೇ ಇರದೆನ್ನುವವರೂ ಉಂಟು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ನೀಡಿತು. ಟವರ್ ಬರಲಿ, ಬೇಗ ಬರಲಿ. ಆದರೆ ಊರಿಗೆ ಸಿಗ್ನಲ್ ಬಂದರೆ ಊರಾಚೆಯ ಗದ್ದೆಗೂ ಬಂದಿತೆಂದು ಅರ್ಥವಲ್ಲ. ಬಿರುಗಾಳಿಯ ದಿನ ಇರುವ ಟವರೂ ನಿಲ್ಲುತ್ತದೆ. ಕಾಲುವೆ ಬಂದ ಊರಿನಲ್ಲೂ ಬರ ತಾಳುವ ಬೀಜ ಬೇಕಾಗುವುದುಂಟು.

ತಡದ ಭಾರ ಯಾರ ತಲೆಗೆ?

ಹಣದ ವ್ಯವಹಾರದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಯುಪಿಐ ಮೂಲಕ ಒಬ್ಬರಿಂದೊಬ್ಬರಿಗೆ ಹಣ ಕಳುಹಿಸಿದಾಗ ನಮ್ಮ ಖಾತೆಯಿಂದ ಹೋಗಿ ಆ ಕಡೆಗೆ ಸೇರದಿದ್ದರೆ, ವ್ಯವಹಾರ ನಡೆದ ಮರುದಿನದೊಳಗೆ ಹಣ ಹಿಂದಿರುಗಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಮಾಡಿದ ಕಟ್ಟಳೆ. ನಡುದಾರಿಯಲ್ಲಿ ಕಡಿದುಹೋದದ್ದಕ್ಕೆ ಗಿರಾಕಿ ಹೊಣೆಯಲ್ಲ, ವ್ಯವಸ್ಥೆಯೇ ಹೊಣೆ ಎಂಬ ತತ್ತ್ವ ಅದರಲ್ಲಿದೆ. ಬೆಳೆಯ ಲೆಕ್ಕದಲ್ಲೂ ಅದೇ ನ್ಯಾಯ ಸಲ್ಲಬೇಕು. ರೈತ 40ನೆಯ ಗಂಟೆಯಲ್ಲಿ ಚಿತ್ರ ತೆಗೆದಿದ್ದು, ಅದು ಸರ್ಕಾರಕ್ಕೆ 80ನೆಯ ಗಂಟೆಯಲ್ಲಿ ತಲುಪಿದರೆ, ಲೆಕ್ಕಕ್ಕೆ ಹಿಡಿಯಬೇಕಾದದ್ದು 40ನ್ನೇ ಹೊರತು 80ನ್ನಲ್ಲ.

ನಮ್ಮ ಓದುಗರು ಮಾಡಬೇಕಾದದ್ದು

ಪರೀಕ್ಷೆ ಎಂಜಿನಿಯರುಗಳದೇ ಸೊತ್ತಲ್ಲ. ನಿಮ್ಮ ಊರಿನ ವಾಚನಾಲಯದಲ್ಲಿ ನಾಲ್ಕು ಜನ ಸೇರಿ, ಓದು ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು, ಬಿತ್ತನೆ ಮುಗಿದ ಬಿಡುವಿನಲ್ಲಿ ಈ ಕೆಲವನ್ನು ಮಾಡಿ ನೋಡಿ.

ಒಂದು: ಮೊಬೈಲನ್ನು ಏರೋಪ್ಲೇನ್ ಚಿಹ್ನೆಯ ಸ್ಥಿತಿಗೆ ಹಾಕಿ ಆ್ಯಪ್ ತೆರೆಯಿರಿ. ತೆರೆಯುತ್ತದೆಯೆ? ವಿವರ ತುಂಬಲು ಬಿಡುತ್ತದೆಯೆ?

ಎರಡು: ಅರ್ಧ ತುಂಬಿ ಮೊಬೈಲನ್ನು ಆರಿಸಿ ಮತ್ತೆ ಹಾಕಿ. ತುಂಬಿದ್ದು ಉಳಿದಿದೆಯೆ, ಅಳಿಸಿಹೋಯಿತೆ?

ಮೂರು: ಮೊಬೈಲಿನ ಸೆಟ್ಟಿಂಗಿನಲ್ಲಿ ನೆಟ್‌ವರ್ಕನ್ನು 2ಜಿಗೆ ಇಳಿಸಿ, ಬೆಳೆ ಸಮೀಕ್ಷೆಯಲ್ಲಿ ಹೇಗೂ ಕಳುಹಿಸಬೇಕಾದ ಚಿತ್ರ ಹೋಗಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಜಿಯೋದಲ್ಲಿ 2ಜಿ ಇಲ್ಲ, ಆದ್ದರಿಂದ ಬೇರೆ ಸಿಮ್ಮಿನಲ್ಲಿ ನೋಡಬೇಕು.

ನಾಲ್ಕು: ಕಳುಹಿಸುವಾಗ ನಡುವೆ ಸಿಗ್ನಲ್ ಕಡಿದರೆ ಆ್ಯಪ್ ಏನು ಹೇಳುತ್ತದೆ? ಹೋಯಿತು, ಹೋಗಲಿಲ್ಲ, ಕಾಯುತ್ತಿದೆ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿಸುತ್ತದೆಯೆ, ಬರಿದೇ ಸುತ್ತುತ್ತಲೇ ಇರುತ್ತದೆಯೆ? ಸಿಗ್ನಲ್ ಮರಳಿದ ಮೇಲೆ ಅರ್ಜಿ ಒಂದೇ ದಾಖಲಾಯಿತೆ, ಎರಡಾಯಿತೆ?

ಐದು: ರಸೀದಿಯಲ್ಲಿ ಯಾವ ಹೊತ್ತು ಬಿದ್ದಿದೆ? ಚಿತ್ರ ತೆಗೆದದ್ದೋ, ತಲುಪಿದ್ದೋ?

ಒಂದು ಎಚ್ಚರಿಕೆ. ಇದನ್ನು ಪ್ರಯತ್ನಿಸಲೆಂದು ವಿಮೆಯ ಆ್ಯಪ್‌ನಲ್ಲಿ ಸುಳ್ಳು ನಷ್ಟದ ಅರ್ಜಿಯನ್ನು ಯಾರೂ ಕಳುಹಿಸಬಾರದು. ತುಂಬಿ ನೋಡಿ, ಕಳುಹಿಸುವ ಮೊದಲೇ ನಿಲ್ಲಿಸಿ. ಕಂಡದ್ದನ್ನು ದಿನಾಂಕ, ಜಾಗ, ಮೊಬೈಲಿನ ಹೆಸರು, ಸಿಮ್ಮಿನ ಹೆಸರಿನೊಂದಿಗೆ ಒಂದು ಹಾಳೆಯಲ್ಲಿ ಬರೆದು ರೈತ ಸಂಪರ್ಕ ಕೇಂದ್ರಕ್ಕೂ ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. “ಆ್ಯಪ್ ಸರಿಯಿಲ್ಲ” ಎಂದು ಗೊಣಗಿದರೆ ಯಾರೂ ಕೇಳರು. “ಇಂಥ ದಿನ, ಇಂಥ ಗದ್ದೆಯಲ್ಲಿ, ಒಂದು ಚಿತ್ರಕ್ಕೆ ಹದಿನೈದು ನಿಮಿಷ ಹಿಡಿದು ಕೊನೆಗೂ ಹೋಗಲಿಲ್ಲ” ಎಂದು ಹತ್ತು ಊರಿನವರು ಬರೆದು ಕೊಟ್ಟರೆ ಅದು ದಾಖಲೆಯಾಗುತ್ತದೆ.

ನಿಜವಾಗಿ ನಷ್ಟವಾದ ದಿನ ಆ್ಯಪ್ ಕೈಕೊಟ್ಟರೆ ಸುಮ್ಮನೆ ಕೂರಬೇಡಿ. ಮೊಬೈಲಿನ ಕ್ಯಾಮರಾದಲ್ಲೇ ಚಿತ್ರ ತೆಗೆದು ಅಳಿಸದೆ ಇಟ್ಟುಕೊಳ್ಳಿ. ಮಾತಾಡುವಷ್ಟು ಸಿಗ್ನಲ್ ಸಿಕ್ಕ ಕಡೆಯಿಂದ ಬೆಳೆ ವಿಮೆಯ ಸಹಾಯವಾಣಿ 14447ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಬ್ಯಾಂಕಿಗೂ ಕೃಷಿ ಕಚೇರಿಗೂ ಲಿಖಿತ ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. 72 ಗಂಟೆ ಎಂದರೆ ಮೂರೇ ದಿನ.

ಇನ್ನು ಸರ್ಕಾರದ ಮುಂದೆ ನಮ್ಮ ಬೇಡಿಕೆ ಚಿಕ್ಕದು. ರೈತನ ಹಕ್ಕಿಗೆ ಸಂಬಂಧಿಸಿದ ಯಾವ ಆ್ಯಪನ್ನೂ ಕಡ್ಡಾಯ ಮಾಡುವ ಮೊದಲು ಮಲೆನಾಡು, ಕರಾವಳಿ, ಬಯಲುಸೀಮೆಗಳ ಕಾಡಂಚಿನ ಹಳ್ಳಿಗಳಲ್ಲಿ ಒಂದು ಪೂರ್ತಿ ಹಂಗಾಮು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಲಿ. ನೆಟ್‌ವರ್ಕ್ ಇಲ್ಲದೆಯೂ ದಾಖಲಿಸುವ ಸೌಕರ್ಯ ಇರಲಿ. ಚಿತ್ರ ತೆಗೆದ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯಲಿ. ಆ್ಯಪ್ ಸೋತ ಕಡೆ ಕಾಗದದ ಅರ್ಜಿಗೆ ಅಷ್ಟೇ ಬೆಲೆ ಇರಲಿ.

ಪರೀಕ್ಷೆಯಾಗದ ಬೀಜವನ್ನು ಚೀಲಕ್ಕೆ ತುಂಬಿ ಮಾರಿದರೆ, ಮೊಳೆಯದೆ ಹೋದ ಹೊಲವನ್ನು ತೋರಿಸಿ ಮಾರಿದವನನ್ನು ನಾವು ಕೇಳುತ್ತೇವೆ. ಈ ಹೊಸ ಬೀಜಕ್ಕೂ ಅದೇ ಪ್ರಶ್ನೆ ಕೇಳುವ ಅಭ್ಯಾಸ ನಮಗೆ ಬರಬೇಕು. ಮುಂಗಾರಿನ ಮೋಡ ಬೆಟ್ಟಕ್ಕೆ ತಾಗುವ ಮೊದಲೇ ಕೇಳಬೇಕು.